ಪದಚರ್ಚೆ: ವಿಸ್ಕಿ 'ಘಾಟು' ಅಂದರೆ ಯಾವ ಘಾಟು?

ಎಲ್ಲರಿಗೂ ನಮಸ್ಕಾರ. ವಿಸ್ಕಿ ಬಗ್ಗೆ ಮಾತಾಡುವಾಗ ನಿಮ್ಮ ಕಡೆ 'ಘಾಟು' ಅಂತ ಯಾವುದಕ್ಕೆ ಹೇಳುತ್ತಾರೆ? ಮೂಗಿಗೆ ಹೊಡೆಯುವುದಕ್ಕಾ, ಗಂಟಲು ಸುಡುವುದಕ್ಕಾ, ಹೊಗೆ ವಾಸನೆಗಾ? ಇಲ್ಲಿ ಕೊಡಗಿನಲ್ಲಿ ನಾನು ಕೇಳಿದಂತೆ ಮೂರಕ್ಕೂ ಅದೇ ಮಾತು ನಡೆಯುತ್ತದೆ. ಗೆಳೆಯರಿಗಾಗಿ ಕಡಿಮೆ ಬೆಲೆಯ ಸಿಂಗಲ್ ಮಾಲ್ಟ್‌ಗಳ (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯಲು ಹೊರಟಿದ್ದೇನೆ. ಮೊದಲ ಸಾಲಿನಲ್ಲೇ ಈ ಪದ ಕಾಲಿಗೆ ತೊಡರಿಕೊಂಡಿದೆ.

'ಕಡಿಮೆ ಬೆಲೆ' ಅನ್ನುವುದೂ ಸುಮ್ನೆ ಹೆಸರಿಗೆ. ಸ್ಕಾಚ್ ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಅದರ ಮೇಲೆ ನಮ್ಮಲ್ಲಿ ಹಲವು ವರ್ಷ ಶೇ. 150 ಆಮದು ಸುಂಕ ಇತ್ತು. ಅಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವ ಬಾಟಲಿ ಇಲ್ಲಿ ಮದುವೆ ಮನೆಯ ಗೌರವಕ್ಕೆ ಏರುತ್ತದೆ. ಆದರೂ ಇಲ್ಲಿ ಇದರ ಮಾತು ಜಾಸ್ತಿಯೇ. ಮಿಲಿಟರಿಯಿಂದ ನಿವೃತ್ತರಾದವರು ಊರೂರಲ್ಲಿ ಇದ್ದಾರೆ. ಮನೆಯ ತೀರಿಕೊಂಡ ಹಿರಿಯರಿಗೆ ಮೀದಿ (ಎಡೆ) ಇಡುವಾಗಲೂ ಮದ್ಯ ಇರುತ್ತದೆ. ಗುಟ್ಟಾಗಿ ಮಾತಾಡುವ ವಿಷಯ ಅಲ್ಲ ಇದು.

ಮೊನ್ನೆ ನೆಂಟರ ಮನೆಯಲ್ಲಿ ಎರಡು ಬಾಟಲಿ ಇದ್ದವು. ಒಂದು ಸ್ಕಾಟ್ಲೆಂಡಿನ ಸ್ಪೇಸೈಡ್ ಕಡೆಯ ಅಗ್ಗದ ಮಾಲ್ಟ್, ವಯಸ್ಸು ನಮೂದಿಸದ್ದು. ಇನ್ನೊಂದು ಅಲ್ಲಿನದೇ ಐಲಾ ದ್ವೀಪದ ಲಫ್ರೋಯ್ಗ್. ಮಾವ ಮೊದಲನೆಯದನ್ನು ಒಂದು ಗುಟುಕು ಕುಡಿದು, "ಘಾಟು ಮಾರಾಯ, ಬೇಡ" ಅಂದರು. ಚಿಕ್ಕಪ್ಪ ಎರಡನೆಯದನ್ನು ಮೂಸಿದ್ದಷ್ಟೇ. "ಭಾರೀ ಘಾಟುಂಟು!" ಅಂತ ಗ್ಲಾಸು ಹತ್ತಿರಕ್ಕೆ ಎಳೆದುಕೊಂಡರು. ಒಬ್ಬರದು ಬೈಗುಳ, ಒಬ್ಬರದು ಮೆಚ್ಚುಗೆ. ಅಂಗಡಿಗೆ ಹೋಗಿ "ಘಾಟು ಇಲ್ಲದ್ದು ಕೊಡಿ" ಅಂದರೆ ಅವನಾದರೂ ಯಾವುದನ್ನು ಕೊಡಬೇಕು?

ಮಾವ ಹೇಳಿದ್ದು ಆಲ್ಕೋಹಾಲಿನ ಉರಿ. ಸ್ಕಾಚ್ ಅನ್ನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂರಬೇಕು, ಕನಿಷ್ಠ ಶೇ. 40 ಆಲ್ಕೋಹಾಲ್ ಇರಬೇಕು. ಅಗ್ಗದ ಮಾಲ್ಟ್‌ಗಳಲ್ಲಿ ಎಷ್ಟೋ ಬಾಟಲಿ ಬೇಗ ಪೀಪಾಯಿ ಬಿಟ್ಟು ಬಂದವು. ಹಸಿ ಕಾಳಿನ ವಾಸನೆ ಇನ್ನೂ ಹೋಗಿರುವುದಿಲ್ಲ, ನಾಲಿಗೆಯ ಅಂಚು ಚುರುಗುಟ್ಟುತ್ತದೆ. ಇದಕ್ಕೆ ನನಗೆ ಹಿಡಿಸಿದ ಪದ 'ಎಳಸು'. ಎಳಸು ವಿಸ್ಕಿ. ಬೇರೆ ಪದ ಹುಡುಕುವ ಅಗತ್ಯವೇ ಕಾಣುವುದಿಲ್ಲ.

ಚಿಕ್ಕಪ್ಪ ಮೆಚ್ಚಿದ್ದು ಪೀಟ್ ಹೊಗೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಗಿಡಗಂಟಿಯೇ ಪೀಟ್. ಅದನ್ನು ಕಡಿದು ಒಣಗಿಸಿ ಉರಿಸುತ್ತಾರೆ. ಮೊಳಕೆ ಬರಿಸಿದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದಾಗ ವಾಸನೆ ಕಾಳಿಗೆ ಹತ್ತುತ್ತದೆ, ಭಟ್ಟಿ ಇಳಿಸಿದರೂ ಬಿಡುವುದಿಲ್ಲ. ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್‌ಗಳ ಮಾಮೂಲಿ 12 ವರ್ಷದ ಬಾಟಲಿಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಕೊಟ್ಟ ಬಾರ್ಲಿಯೂ ಸೇರುತ್ತದೆ. ಅದು ಸ್ಕಾಚ್ ಅಲ್ಲ, ಆದರೆ ಹೊಗೆ ಅಲ್ಲಿಂದಲೇ ಬಂದದ್ದು.

ಎರಡು ಘಾಟನ್ನು ಬೇರೆ ಮಾಡಲು ಒಂದು ಸುಲಭ ಉಪಾಯ ಇದೆ. ಗ್ಲಾಸಿಗೆ ನಾಲ್ಕು ಹನಿ ಮಾಮೂಲಿ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿ. ಸೋಡಾ ಬೇಡ, ಐಸ್ ಅಂತೂ ಬೇಡವೇ ಬೇಡ, ತಣ್ಣಗಾದಷ್ಟೂ ವಾಸನೆ ಏಳುವುದಿಲ್ಲ. ಮೂಗು ಉರಿಯುವುದು ತಗ್ಗಿದರೆ ಅದು ಆಲ್ಕೋಹಾಲಿನದು. ಹೊಗೆಯಾದರೆ ಹಾಗೇ ಉಳಿಯುತ್ತದೆ, ಕೆಲವು ಸಲ ಇನ್ನೂ ಎದ್ದು ಬರುತ್ತದೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದಕ್ಕೊಂದು ಕಾರಣ ಸೂಚಿಸಿದರು. ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ವಸ್ತು, ನೀರು ಬೆರೆತಾಗ ಮೇಲ್ಪದರದ ಕಡೆ ಸೇರಿಕೊಳ್ಳುತ್ತದೆ. ಮೂಗಿಗೆ ಸಿಗುವುದು ಆ ಮೇಲ್ಪದರವೇ ಅಲ್ವಾ.

ಉಳಿದ ಪದಗಳು ಅಷ್ಟು ಕಾಡುವುದಿಲ್ಲ. ಓಕ್ ಜಾಸ್ತಿಯಾದರೆ 'ಒಗರು'. ಬರ್ಬನ್ (ಅಮೆರಿಕದ ವಿಸ್ಕಿ) ಇಟ್ಟಿದ್ದ ಪೀಪಾಯಿಯಿಂದ ಬರುವುದು ವೆನಿಲ್ಲಾ ವಾಸನೆ. ಕಾಫಿ ತೋಟದಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿ ಕೈ ಸುಟ್ಟುಕೊಂಡ ನಮ್ಮವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬಣ್ಣಕ್ಕೆ ಪದವೇ ಬೇಡ, ಅದನ್ನು ನಂಬುವಂತಿಲ್ಲ, ಬಣ್ಣ ಬರಲೆಂದು ಕ್ಯಾರಮೆಲ್ (ಸುಟ್ಟ ಸಕ್ಕರೆ) ಬೆರೆಸಲು ಸ್ಕಾಚ್‌ನ ಕಾನೂನೇ ಬಿಡುತ್ತದೆ. 'ಸ್ಮೂತ್' ಬಗ್ಗೆ ಮಾತ್ರ ನನಗೆ ಅನುಮಾನ. ಹೊಗಳುವ ಧ್ವನಿಯಲ್ಲಿ ಹೇಳುತ್ತಾರೆ, ಅರ್ಧಕ್ಕರ್ಧ ಸಲ ಅದರ ಅರ್ಥ 'ಸಪ್ಪೆ'. ನುಂಗಿದ ಮೇಲೆ ಉಳಿಯುವ ರುಚಿಗೆ 'ಬಾಯಲ್ಲಿ ನಿಲ್ಲುತ್ತದೆ' ಅಂತ ಬರೆದುಕೊಂಡಿದ್ದೇನೆ. ಅಗ್ಗದವು ಹೆಚ್ಚಾಗಿ ನಿಲ್ಲುವುದಿಲ್ಲ.

ಈಗ ತೊಡಕು ಬಂದಿರುವುದು ಹೊಗೆಯದ್ದೇ. ಒಲೆ ಮೇಲೆ ತೂಗುಹಾಕಿ ಒಣಗಿಸಿದ ಹಂದಿಮಾಂಸಕ್ಕೆ ಇಲ್ಲಿ ಯಾರೂ ಘಾಟು ಅನ್ನುವುದಿಲ್ಲ. 'ಚೆನ್ನಾಗಿ ಹೊಗೆ ಹಿಡಿದಿದೆ' ಅಂತಾರೆ, ಅದು ಮೆಚ್ಚುಗೆ. ಆದರೆ ಸೌದೆ ಒಲೆಯಲ್ಲಿ ಕಾಯಿಸಿದ ಹಾಲು 'ಹೊಗೆ ಹಿಡಿದಿದೆ' ಅಂದರೆ ಚೆಲ್ಲುವುದೇ. ಹಾಗಾದರೆ 'ಹೊಗೆ ಹಿಡಿದ ಮಾಲ್ಟ್' ಅಂತ ಬರೆದರೆ ನಿಮಗೆ ಹೇಗೆ ಕೇಳಿಸುತ್ತದೆ? ಮಾಂಸದ ಕಡೆಗಾ, ಹಾಲಿನ ಕಡೆಗಾ? ಬಯಲುಸೀಮೆಯವರು, ಕರಾವಳಿಯವರು, ಅರೆಭಾಷೆ ಮಾತಾಡುವವರು ನಿಮ್ಮ ಮನೆಯ ಮಾತು ಹೇಳಿ. ದಯವಿಟ್ಟು 'ಧೂಮಗಂಧಿ' ಅಂತ ಯಾರೂ ಸೂಚಿಸಬೇಡಿ. ಮಾವನ ಎದುರು ಅದನ್ನು ಹೇಳುವ ಧೈರ್ಯ ನನಗಿಲ್ಲ.