‘ಕಂಟ್ರಿ ಕಂಫರ್ಟ್’ ಹತ್ತೇ ಕಂತಿಗೆ ನಿಂತಿದ್ದು ಯಾಕೆ? ಹಾಡುವವರ ಕಥೆ ಇರುವ ಬೇರೆ ಸರಣಿ ಇದೆಯಾ?

ನಿಟ್ಟುವಳ್ಳಿ ಹಾಡುಗಾರ್ತಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನೆಟ್‌ಫ್ಲಿಕ್ಸಿನ ‘ಕಂಟ್ರಿ ಕಂಫರ್ಟ್’ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? 2021ರ ಮಾರ್ಚಿನಲ್ಲಿ ಬಂದ ಕಾಮಿಡಿ. ನಾನು ನೋಡಿದ್ದು ಈಗ. ಹತ್ತು ಕಂತು ಮುಗಿಸಿ ಮುಂದಿನದನ್ನು ಹುಡುಕಿದರೆ ಏನೂ ಇಲ್ಲ.

ನೋಡದವರಿಗೆ ಕಥೆ ಹೇಳುತ್ತೇನೆ. ಬೈಲಿ ಅಂತ ಒಬ್ಬ ಹುಡುಗಿ. ಅಮೆರಿಕದ ಕಂಟ್ರಿ ಸಂಗೀತದಲ್ಲಿ ಹೆಸರು ಮಾಡಬೇಕು ಅಂತ ಆಸೆ. ಗೆಳೆಯನೂ ಕೈಬಿಟ್ಟ, ಬ್ಯಾಂಡೂ ಹೋಯಿತು. ಕೊನೆಗೆ ಹೆಂಡತಿ ತೀರಿಕೊಂಡ ಒಬ್ಬ ಕೌಬಾಯ್ ಮನೆಯಲ್ಲಿ ಐದು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾಳೆ. ಮಕ್ಕಳೂ ಹಾಡುತ್ತಾರೆ.

ನನಗೆ ಇದು ಇಷ್ಟು ಹಿಡಿಸಿದ್ದಕ್ಕೆ ಕಾರಣ ಇದೆ. ಹಗಲು ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಸೀಸನ್ ಬಂದರೆ ರಾತ್ರಿ ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ಗಣಪತಿ ಪೆಂಡಾಲ್, ಮದುವೆ ರಿಸೆಪ್ಷನ್, ಹಳ್ಳಿ ಜಾತ್ರೆ. ಒಂದು ಜಾತ್ರೆಯಲ್ಲಿ ಕೊನೆ ಗಳಿಗೆಗೆ ನನ್ನನ್ನು ಬಿಟ್ಟು ಬೇರೆ ಗಾಯಕಿಯನ್ನು ಕರೆದುಕೊಂಡು ಹೋದರು. ಬ್ಯಾನರಿನಲ್ಲಿ ಮಾತ್ರ ನನ್ನ ಫೋಟೋ ಹಾಗೇ ಇತ್ತು! ಆದ್ದರಿಂದ ಬೈಲಿಯ ಸಂಕಟ ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಮಕ್ಕಳ ಜೊತೆ ಕೂತು ಹಾಡುವ ದೃಶ್ಯಗಳಂತೂ ಎದೆಗೆ ತಾಕುತ್ತವೆ. ಉಳಿದ ಪ್ರೇಮದ ಎಳೆದಾಟ ಜಾಸ್ತಿ ಆಯಿತು, ಅದು ಬೇರೆ ಮಾತು.

ನನ್ನ ಪ್ರಶ್ನೆ ಎರಡು. ಇದು ಯಾಕೆ ನಿಂತಿತು? ಗೆದ್ದವರ ಕಥೆ ಬೇಕಾದಷ್ಟಿದೆ. ಇನ್ನೂ ಗೆಲ್ಲದೆ ದಿನಾ ಹಾಡುತ್ತಲೇ ಇರುವವರ ಕಥೆ ಇರುವ ಸರಣಿ ಯಾವುದಾದರೂ ಇದೆಯಾ?

ಹರಿಹರದವನು:

ಅಕ್ಕಾ, ಎರಡನೇ ಸೀಸನ್ ಬರಲ್ಲ. 2021ರ ಜುಲೈನಲ್ಲೇ ನೆಟ್‌ಫ್ಲಿಕ್ಸ್ ಕೈಬಿಟ್ಟಿತು. ಇದೊಂದೇ ಅಲ್ಲ, ಅದೇ ಹೊತ್ತಿಗೆ ‘ದಿ ಕ್ರೂ’, ‘ಮಿಸ್ಟರ್ ಇಗ್ಲೇಸಿಯಸ್’ ಕೂಡ ನಿಂತವು. ಮೂರೂ ಒಂದೇ ಜಾತಿಯವು. ಒಂದು ಸೆಟ್, ಮೂರ್ನಾಲ್ಕು ಕ್ಯಾಮೆರಾ, ಮಾತಿಗೊಮ್ಮೆ ಹಿಂದಿನಿಂದ ನಗು.

ಒಂದೇ ದಿನ ಹತ್ತೂ ಕಂತು ಬಿಟ್ಟರೆ ಇಂಥ ಸಣ್ಣ ಸರಣಿಗೆ ಕಷ್ಟ ಅನ್ನುವುದು ನನ್ನ ಅನಿಸಿಕೆ. ವಾರಕ್ಕೊಂದು ಬಂದಿದ್ದರೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಇದು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ, ತೀರ್ಮಾನ ಆಗಿಹೋಯಿತು.

ಇನ್ನೊಂದು ವಿಷಯ ಗೊತ್ತಾ? ಬೈಲಿ ಪಾತ್ರ ಮಾಡಿದ ಕ್ಯಾಥರೀನ್ ಮ್ಯಾಕ್‌ಫೀ 2006ರ ‘ಅಮೆರಿಕನ್ ಐಡಲ್’ ಹಾಡಿನ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಪಡೆದವರು. 2012ರಲ್ಲಿ ಶುರುವಾದ ‘ಸ್ಮ್ಯಾಶ್’ನಲ್ಲೂ ಅವಕಾಶಕ್ಕೆ ಕಾಯುವ ಗಾಯಕಿಯೇ ಅವರು. ಅಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕರಂಗ. ಅದೂ ಎರಡೇ ಸೀಸನ್ನಿಗೆ ಮುಗಿಯಿತು. ನೀವು ಕೇಳಿದ್ದು ಅದರಲ್ಲಿ ಇದೆ. ಆಡಿಷನ್, ಕಾಯುವುದು, ಪಾತ್ರ ಇನ್ನೊಬ್ಬಳಿಗೆ ಹೋಗುವುದು, ಎಲ್ಲಾ.

ಕೀಬೋರ್ಡ್ ಪ್ಲೇಯರ್, ಚಿತ್ರದುರ್ಗ:

ನಾನೂ ಆರ್ಕೆಸ್ಟ್ರಾದವನೇ. ಸರಣಿ ನೋಡಿದ್ದೇನೆ. ನನ್ನ ಪ್ರಕಾರ ತೊಂದರೆ ಇರುವುದು ಸಮಯದಲ್ಲಿ. ಸಿಟ್‌ಕಾಮ್ (ಇಂಥ ನಗೆ ಸರಣಿ) ಅಂದರೆ ಅರ್ಧ ಗಂಟೆಗಿಂತ ಕಡಿಮೆ. ಅದರಲ್ಲಿ ಕ್ಷಣಕ್ಕೊಂದು ನಗು ಬೇಕು. ಒಂದು ಪೂರ್ತಿ ಹಾಡಿಗೆ ಮೂರ್ನಾಲ್ಕು ನಿಮಿಷ ಹೋಯಿತು ಅಂದರೆ ಅಷ್ಟು ಹೊತ್ತು ನಗು ನಿಂತಿತು. ಆದ್ದರಿಂದ ಹಾಡು ಕತ್ತರಿಸುತ್ತಾರೆ. ಪಲ್ಲವಿ ಬರುತ್ತೆ, ಚರಣ ಬರಲ್ಲ. ಕಂಟ್ರಿ ಹಾಡಿನಲ್ಲಿ ಕಥೆ ಇರುವುದೇ ಚರಣದಲ್ಲಿ. ಒಂದು ಚರಣದಲ್ಲಿ ಹುಡುಗಿ ಊರು ಬಿಡುತ್ತಾಳೆ, ಮುಂದಿನದರಲ್ಲಿ ಅಪ್ಪನ ಕಾಗದ ಬರುತ್ತೆ. ಅದನ್ನೇ ಕತ್ತರಿಸಿದರೆ ಉಳಿಯುವುದೇನು?

ಹಾಡು ಪೂರ್ತಿ ಬೇಕಿದ್ದರೆ ‘ನ್ಯಾಶ್‌ವಿಲ್’ ನೋಡಿ. ಅದು ಕಾಮಿಡಿ ಅಲ್ಲ, ಕಂತು ಉದ್ದ. 2012ರಿಂದ 2018ರವರೆಗೆ ಆರು ಸೀಸನ್ ಬಂತು. ಎಬಿಸಿ ಚಾನೆಲ್ 2016ರಲ್ಲಿ ಕೈಬಿಟ್ಟಾಗ ಸಿಎಂಟಿ ಚಾನೆಲ್ ಎತ್ತಿಕೊಂಡಿತು. ಅದರಲ್ಲಿ ಬ್ಲೂಬರ್ಡ್ ಕೆಫೆ ಬರುತ್ತೆ. ನ್ಯಾಶ್‌ವಿಲ್ ಅನ್ನುವ, ಕಂಟ್ರಿ ಸಂಗೀತಕ್ಕೆ ಹೆಸರಾದ ನಗರದಲ್ಲಿ ನಿಜಕ್ಕೂ ಇರುವ ಪುಟ್ಟ ಜಾಗ, 1982ರಿಂದ ಇದೆ. ಹಾಡು ಬರೆದವರೇ ಗಿಟಾರ್ ಹಿಡಿದು ಜನರ ನಡುವೆ ಕೂತು ಹಾಡುತ್ತಾರೆ. ಅಂಥದ್ದು ನಮ್ಮ ಕಡೆ ಒಂದಾದರೂ ಇದ್ದಿದ್ದರೆ ಅನ್ನಿಸುತ್ತೆ. ನಮಗೆ ಇರುವುದು ಜಾತ್ರೆಯ ಸ್ಟೇಜು, ಇಲ್ಲದಿದ್ದರೆ ಕಲ್ಯಾಣ ಮಂಟಪ. ಎರಡರಲ್ಲೂ ಸ್ವಂತ ಹಾಡು ಯಾರೂ ಕೇಳಲ್ಲ.

ಚಳ್ಳಕೆರೆ ಮೇಷ್ಟ್ರು:

ತಂಗೀ, ನೀನು ಕೇಳಿದ್ದಕ್ಕೆ ಇನ್ನೂ ಹತ್ತಿರದ್ದು ಒಂದಿದೆ. ಹೆಸರು ‘ಡೆಲ್ಟಾ’. ಎಬಿಸಿಯಲ್ಲಿ 1992ರಲ್ಲಿ ಶುರುವಾಗಿ 1993ಕ್ಕೇ ಮುಗಿಯಿತು. ಡೆಲ್ಟಾ ಬರ್ಕ್ ಅದರ ನಾಯಕಿ. ‘ಡಿಸೈನಿಂಗ್ ವಿಮೆನ್’ ಸರಣಿಯಿಂದ ಆಗಲೇ ಮನೆಮಾತಾಗಿದ್ದರು. ಇಲ್ಲಿ ಅವರು ಕೂದಲು ಕತ್ತರಿಸುವ ಕೆಲಸವನ್ನೂ ಗಂಡನನ್ನೂ ಬಿಟ್ಟು ಹಾಡಲು ನ್ಯಾಶ್‌ವಿಲ್‌ಗೆ ಬರುತ್ತಾರೆ. ಹೊಟ್ಟೆಪಾಡಿಗೆ ಒಂದು ಬಾರಿನಲ್ಲಿ ಸಪ್ಲೈಯರ್ ಕೆಲಸ. ಹದಿನೆಂಟರ ಹುಡುಗಿ ಅಲ್ಲ, ಸಂಸಾರ ಕಂಡವಳು. ಆ ವಯಸ್ಸಿನಲ್ಲಿ ಹೊರಡುವವಳನ್ನು ಕಥೆಯ ನಡುವೆ ಇಟ್ಟರಲ್ಲ, ಅದು ನನಗೆ ದೊಡ್ಡದು ಅನ್ನಿಸಿತು.

ಆ ಪಾತ್ರಕ್ಕೆ ಪ್ಯಾಟ್ಸಿ ಕ್ಲೈನ್ ಅಂದರೆ ದೇವರು. ಪ್ಯಾಟ್ಸಿ ನಿಜವಾದ ಗಾಯಕಿ. 1957ರಲ್ಲಿ ಟೀವಿಯ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಗೆದ್ದ ಮೇಲೆ ದೇಶಕ್ಕೆ ಗೊತ್ತಾದವರು. 1963ರ ಮಾರ್ಚಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ಆಗ ಬರೀ 30 ವರ್ಷ.

ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿದ್ದೀಯಲ್ಲವೇ? ಅಕ್ಷರ ಬಾರದ ಆಕೆ ಸಾವಿರಾರು ಪದ ನೆನಪಿನಿಂದಲೇ ಹಾಡುತ್ತಿದ್ದಳು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅದನ್ನೆಲ್ಲ ಬರೆದಿಟ್ಟರು. ಆರ್ಕೆಸ್ಟ್ರಾದಲ್ಲಿ ನಿನಗೆ ಒಂದು ಹಾಡಿನ ಜಾಗ ಕೊಟ್ಟರೆ ಅಂಥ ಪದ ಒಂದನ್ನು ಹಾಡು. ಪೂರ್ತಿ ಹಾಡು, ಕತ್ತರಿಸಬೇಡ.

ನಿಟ್ಟುವಳ್ಳಿ ಹಾಡುಗಾರ್ತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೀಬೋರ್ಡ್ ಅಣ್ಣಾ, ಚರಣದ ಮಾತು ನಿಜ. ನಮ್ಮಲ್ಲೂ ಎರಡನೇ ಚರಣ ಶುರು ಮಾಡುವಷ್ಟರಲ್ಲಿ ‘ಮುಂದಿನ ಹಾಡು’ ಅಂತ ಸನ್ನೆ ಮಾಡುತ್ತಾರೆ. ಕುಣಿಯುವವರಿಗೆ ಪಲ್ಲವಿ ಸಾಕು. ನನಗೆ ಸಾಲದು.

ಮೇಷ್ಟ್ರೇ, ದುಗ್ಗಮ್ಮನ ಜಾತ್ರೆಗೆ ನಮ್ಮ ತಂಡಕ್ಕೆ ಪ್ರೋಗ್ರಾಂ ಸಿಕ್ಕರೆ ಒಂದು ಪದ ಹಾಡಿಸಿ ಅಂತ ಕೇಳುತ್ತೇನೆ. ಒಪ್ಪದಿದ್ದರೆ ಅಂಗಡಿ ರಜೆಯ ದಿನ ರೆಕಾರ್ಡ್ ಮಾಡಿ ಇಲ್ಲೇ ಹಾಕುತ್ತೇನೆ. ‘ಡೆಲ್ಟಾ’ ಕಂತು ಎಲ್ಲಾದರೂ ನೋಡಲು ಸಿಗುತ್ತಾ? ಲಿಂಕ್ ಇದ್ದರೆ ಹಾಕಿ. ‘ಸ್ಮ್ಯಾಶ್’ ಇವತ್ತು ರಾತ್ರಿಯೇ ಶುರು ಮಾಡುತ್ತೇನೆ.