‘ಪರಿಶೀಲನೆಯಲ್ಲಿದೆ’ ಎಂದು ಸಚಿವರು ಹೇಳಿದರೆ ಅದು ಉತ್ತರವೇ?

ಸಕಲೇಶಪುರದ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಹೆತ್ತೂರು ಹೋಬಳಿಯಲ್ಲಿ ನಮ್ಮದು ಕಾಫಿ ತೋಟ, ಅದರ ತಗ್ಗಿನಲ್ಲಿ ಒಂದಷ್ಟು ಗದ್ದೆ. ಕಾಡಾನೆಗಳ ಹಿಂಡು ಒಂದು ರಾತ್ರಿ ಹಾದುಹೋದರೆ ಏನುಳಿಯುತ್ತದೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿಯೇ ಲೋಕಸಭೆಯ ಪ್ರಶ್ನೋತ್ತರ ಕಲಾಪದಲ್ಲಿ ವಿರೋಧ ಪಕ್ಷದ ಸದಸ್ಯರೊಬ್ಬರು ಕಾಡಾನೆ ಹಾವಳಿಯ ವಿಷಯ ಎತ್ತಿದಾಗ ಟಿ.ವಿ. ಮುಂದೆ ಕುಳಿತು ಪೂರ್ತಿ ನೋಡಿದೆ. ಸಚಿವರು ಎದ್ದು ನಿಂತು ‘ವಿವರವಾದ ಹೇಳಿಕೆಯನ್ನು ಸದನದ ಮುಂದಿಡಲಾಗಿದೆ’ ಎಂದರು. ಪರಿಹಾರದ ಮೊತ್ತ ಹೆಚ್ಚಿಸುವ ಬಗ್ಗೆ ಸದಸ್ಯರು ಮತ್ತೆ ಕೇಳಿದಾಗ, ವನ್ಯಜೀವಿಗಳ ನಿರ್ವಹಣೆ ಮುಖ್ಯವಾಗಿ ರಾಜ್ಯ ಸರ್ಕಾರದ ಹೊಣೆಯೆಂದೂ, ಸದಸ್ಯರ ಸಲಹೆ ಪರಿಶೀಲನೆಯಲ್ಲಿದೆಯೆಂದೂ ಹೇಳಿ ಕುಳಿತುಬಿಟ್ಟರು. ಅಷ್ಟರಲ್ಲಿ ಗದ್ದಲವೆದ್ದಿತು, ಸ್ಪೀಕರ್ ಮುಂದಿನ ಪ್ರಶ್ನೆಯನ್ನು ಕರೆದರು.

ನನಗಿರುವ ಸಂದೇಹ ಇಷ್ಟು. ಇಂಥ ಮಾತು ಆಡಿದ ಮೇಲೆ ಸಚಿವರ ಮೇಲೆ ಯಾವುದಾದರೂ ಕಟ್ಟುಪಾಡು ಉಳಿಯುತ್ತದೆಯೇ, ಅಥವಾ ಆ ದಿನ ದಾಟಿಕೊಂಡರೆ ಮುಗಿಯಿತೇ? ನಮ್ಮ ಕಡೆಯ ಬೆಳೆಗಾರರು ಸೇರಿ ಸಂಸದರ ಮೂಲಕ ಒಂದು ಪ್ರಶ್ನೆ ಕೇಳಿಸಬೇಕೆಂದಿದ್ದೇವೆ. ಅದರಿಂದ ಪ್ರಯೋಜನವಿದೆಯೇ ಎಂದು ತಿಳಿದವರು ಹೇಳಬೇಕು.

ನಿವೃತ್ತ ಉಪನ್ಯಾಸಕ, ಹಾಸನ:

ತಾವು ನೋಡಿದ್ದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಮೌಖಿಕವಾಗಿ ಉತ್ತರಿಸಬೇಕಾದದ್ದು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗಿನ ಆ ಒಂದು ಗಂಟೆಗೆ ದಿನವೊಂದಕ್ಕೆ ಇಂಥ 20 ಪ್ರಶ್ನೆಗಳನ್ನು ಪಟ್ಟಿ ಮಾಡುತ್ತಾರೆ. ಇವಲ್ಲದೆ ಲಿಖಿತ ಉತ್ತರವಷ್ಟೇ ಸಿಗುವ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿರುತ್ತವೆ. ಯಾರ ಪ್ರಶ್ನೆ ಮೊದಲು ಬರಬೇಕೆಂಬುದು ಚೀಟಿ ಎತ್ತುವ ಕ್ರಮದಲ್ಲಿ ತೀರ್ಮಾನವಾಗುತ್ತದೆ. ಉತ್ತರ ಮೊದಲೇ ಮುದ್ರಿತವಾಗಿ ಸದಸ್ಯರ ಕೈಸೇರಿರುವುದರಿಂದ ಸಚಿವರು ಅದನ್ನು ಓದದೆ ‘ಸದನದ ಮುಂದಿಡಲಾಗಿದೆ’ ಎನ್ನುವುದು ವಾಡಿಕೆ, ಅದರಲ್ಲಿ ಜಾರಿಕೊಳ್ಳುವಿಕೆ ಏನೂ ಇಲ್ಲ. ನಿಜವಾದ ಪರೀಕ್ಷೆ ಅದರ ನಂತರದ ಉಪಪ್ರಶ್ನೆಗಳಲ್ಲಿದೆ. ಪ್ರಶ್ನೆ ಕೊಟ್ಟ ಸದಸ್ಯರಿಗೆ ಎರಡು ಉಪಪ್ರಶ್ನೆಗಳ ಅವಕಾಶವುಂಟು. ಸ್ಪೀಕರ್ ಒಪ್ಪಿದರೆ ಬೇರೆ ಪಕ್ಷದವರೂ ಒಂದೊಂದು ಕೇಳಬಹುದು. ಅಧಿಕಾರಿಗಳು ಬರೆದುಕೊಟ್ಟ ಹಾಳೆಯ ಆಚೆಗೆ ಸಚಿವರಿಗೆ ಇಲಾಖೆ ಎಷ್ಟು ಗೊತ್ತು ಎಂಬುದು ಅಲ್ಲಿ ಬಯಲಾಗುತ್ತದೆ.

1957ರಲ್ಲಿ ಜೀವ ವಿಮಾ ನಿಗಮದ ಸುಮಾರು 1.25 ಕೋಟಿ ರೂಪಾಯಿ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಹೋದ ಸಂಗತಿ ಹೊರಬಿದ್ದದ್ದು ಹೀಗೆ ಪ್ರಶ್ನೆ ಬೆಳೆಯುತ್ತ ಹೋದದ್ದರಿಂದಲೇ. ಕೊನೆಗೆ ನ್ಯಾಯಮೂರ್ತಿ ಚಾಗ್ಲಾ ಅವರ ವಿಚಾರಣಾ ಆಯೋಗ ಕುಳಿತು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಆ ಪ್ರಕರಣವನ್ನು ಬೆನ್ನುಹತ್ತಿದ ಫಿರೋಜ್ ಗಾಂಧಿ ವಿರೋಧ ಪಕ್ಷದವರಲ್ಲ, ಆಳುವ ಪಕ್ಷದ ಸದಸ್ಯರೇ ಆಗಿದ್ದರು ಎಂಬುದನ್ನು ಈಗಿನವರು ಗಮನಿಸಿದರೆ ಒಳ್ಳೆಯದು.

ಇನ್ನು ‘ಪರಿಶೀಲನೆಯಲ್ಲಿದೆ’ ಎಂಬ ಮಾತು. ನಮಗೆ ಅದು ಕೈತೊಳೆದುಕೊಂಡಂತೆ ಕೇಳಿಸಿದರೂ ಸದನದ ಲೆಕ್ಕದಲ್ಲಿ ಅದೊಂದು ಭರವಸೆ. ಲೋಕಸಭೆಯಲ್ಲಿ 1953ರಿಂದಲೂ ಸರ್ಕಾರಿ ಭರವಸೆಗಳ ಸಮಿತಿ ಇದೆ, ಮಂತ್ರಿಗಳಾದವರು ಅದರ ಸದಸ್ಯರಾಗುವಂತಿಲ್ಲ. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬಂಥ ಮಾತುಗಳ ಪಟ್ಟಿಯೇ ಅವರ ಬಳಿ ಇರುತ್ತದೆ. ಅಂಥ ಮಾತು ಸಚಿವರ ಬಾಯಿಂದ ಬಂದರೆ ಅದು ದಾಖಲಾಗುತ್ತದೆ, ಮೂರು ತಿಂಗಳೊಳಗೆ ಈಡೇರಿಸಬೇಕಾಗುತ್ತದೆ, ಆಗದಿದ್ದರೆ ಕಾರಣ ಹೇಳಿ ಕಾಲಾವಕಾಶ ಕೇಳಬೇಕಾಗುತ್ತದೆ.

ವಕೀಲ, ಚಿಕ್ಕಮಗಳೂರು:

ಉಪನ್ಯಾಸಕರು ಹೇಳಿದ ನಿಯಮಗಳೆಲ್ಲ ಸರಿ, ಆದರೆ ಅವರಿಗಿರುವಷ್ಟು ವಿಶ್ವಾಸ ನನಗಿಲ್ಲ. ಮೂರು ತಿಂಗಳೆಂಬುದು ಕಾಗದದ ಮೇಲಿನ ಗಡುವು. ಕಾಲಾವಕಾಶದ ಮೇಲೆ ಕಾಲಾವಕಾಶ ಕೇಳುತ್ತ ವರ್ಷಗಟ್ಟಲೆ ಎಳೆಯುವುದಕ್ಕೂ, ಕೊನೆಗೆ ಭರವಸೆಯನ್ನೇ ಕೈಬಿಡಿ ಎಂದು ಇಲಾಖೆ ಸಮಿತಿಗೆ ಬರೆಯುವುದಕ್ಕೂ ದಾರಿಯಿದೆ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ತೆಗೆದುಹಾಕಿ, ಲಿಖಿತ ಉತ್ತರಗಳಷ್ಟಕ್ಕೆ ಸೀಮಿತಗೊಳಿಸಿದ್ದನ್ನು ಮರೆಯಬಾರದು. ಲಿಖಿತ ಉತ್ತರಕ್ಕೆ ಉಪಪ್ರಶ್ನೆ ಇಲ್ಲವಾದ್ದರಿಂದ, ನನ್ನ ದೃಷ್ಟಿಯಲ್ಲಿ ಅದು ಪಾಟೀಸವಾಲಿಲ್ಲದ ಸಾಕ್ಷ್ಯ.

ವಿರೋಧ ಪಕ್ಷದವರನ್ನೂ ಬಿಟ್ಟುಕೊಡಬೇಕಾಗಿಲ್ಲ. ಫಲಕ ಹಿಡಿದು ಸದನದ ಬಾವಿಗಿಳಿದರೆ ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ನಿಜ. ಆದರೆ ಕಲಾಪ ಮುಂದೂಡಿದ ಕೂಡಲೇ ಆ ದಿನದ ಚುಕ್ಕೆ ಗುರುತಿನ ಪ್ರಶ್ನೆಗಳೂ ಬರೀ ಲಿಖಿತ ಉತ್ತರಗಳಾಗಿಬಿಡುತ್ತವೆ. ಸಚಿವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಸಂಸತ್ತಿನ ಪ್ರಶ್ನೆಗೂ ನಮ್ಮ ಊರಿಗೂ ಒಂದು ಹಳೆಯ ನಂಟಿದೆ. 1978ರ ನವೆಂಬರ್‌ನಲ್ಲಿ ಇಲ್ಲಿಯ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ಕಾರಣ ತುರ್ತುಪರಿಸ್ಥಿತಿ ಎಂದೇ ಬಹಳ ಜನ ತಿಳಿದಿದ್ದಾರೆ. ಹಕ್ಕುಬಾಧ್ಯತಾ ಸಮಿತಿಯ ವರದಿಯಲ್ಲಿದ್ದ ಆರೋಪ ಬೇರೆಯೇ ಆಗಿತ್ತು: ಅವರು ಪ್ರಧಾನಿಯಾಗಿದ್ದಾಗ ಮಗ ಸಂಜಯ್ ಗಾಂಧಿಯವರ ಮಾರುತಿ ಕಂಪನಿಯ ಕುರಿತು ಲೋಕಸಭೆಯಲ್ಲಿ ಬಂದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಕೂಡಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಅವರನ್ನು ಬೆದರಿಸಿ, ಸುಳ್ಳು ಮೊಕದ್ದಮೆಗಳ ಮೂಲಕ ಕಿರುಕುಳ ಕೊಟ್ಟರು ಎಂಬುದು. ಆ ತೀರ್ಮಾನದಲ್ಲಿ ರಾಜಕೀಯ ದ್ವೇಷ ಎಷ್ಟಿತ್ತು ಎಂಬುದು ಚರ್ಚೆಯ ವಿಷಯ. 1981ರಲ್ಲಿ ಮುಂದಿನ ಲೋಕಸಭೆ ಅದನ್ನು ರದ್ದುಗೊಳಿಸಿತು. ಅದೇನೇ ಇರಲಿ, ಉತ್ತರಕ್ಕೆ ಬೇಕಾದ ಕಡತವನ್ನು ಹುಡುಕುವ ಅಧಿಕಾರಿಯ ಕೆಲಸವೂ ಸದನದ ಹಕ್ಕಿನ ವ್ಯಾಪ್ತಿಯೊಳಗೆ ಬರುತ್ತದೆ ಎಂಬ ವಾದ ಅಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ದುರದೃಷ್ಟಕ್ಕೆ ಅಷ್ಟು ಗಂಭೀರವಾಗಿ ಅದನ್ನು ಮತ್ತೆ ಯಾರೂ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ.

ಸಕಲೇಶಪುರದ ಬೆಳೆಗಾರ:

ಇಬ್ಬರಿಗೂ ಧನ್ಯವಾದ. ‘ರಾಜ್ಯದ ಹೊಣೆ’ ಎಂಬ ಉತ್ತರವೇ ಮತ್ತೆ ಬಾರದಂತೆ ಕೇಳುವುದು ಹೇಗೆ? ನಾವು ಸಿದ್ಧಪಡಿಸಿದ ಕರಡು ‘ಮಲೆನಾಡಿನ ರೈತರ ಗೋಳನ್ನು ಸರ್ಕಾರ ಇನ್ನೆಷ್ಟು ದಿನ ಕಡೆಗಣಿಸುತ್ತದೆ?’ ಎಂದು ಶುರುವಾಗುತ್ತದೆ.

ಹಿಂದೆ ಸಂಸದರೊಬ್ಬರ ಕಚೇರಿಯಲ್ಲಿದ್ದವ, ಬೇಲೂರು:

ಆ ಸಾಲು ಭಾಷಣಕ್ಕೆ ಚೆನ್ನಾಗಿದೆ, ಪ್ರಶ್ನೆಯಾಗಿ ಅದು ಅಂಗೀಕಾರವಾಗುವುದಿಲ್ಲ. ವಾದ, ಊಹೆ, ವ್ಯಂಗ್ಯ ಇರಬಾರದು, ಅಭಿಪ್ರಾಯ ಕೇಳಬಾರದು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ನಿಯಮವಿದೆ. ನ್ಯಾಯಾಲಯದಲ್ಲಿರುವ ವಿಷಯವೂ ಬಾರದು. ‘ಕ್ರಮ ಕೈಗೊಳ್ಳಲಾಗುವುದೇ’ ಎಂದು ಕೇಳಿದರೆ ‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದೇ ಉತ್ತರ ಬರುತ್ತದೆ. ಆದ್ದರಿಂದ ಅಂಕಿ, ದಿನಾಂಕ, ಕಡತದ ಸ್ಥಿತಿ ಇವನ್ನು ಕೇಳಿ. ಉದಾಹರಣೆಗೆ ಹೀಗೆ ಬರೆಯಬಹುದು:

‘(ಎ) ಆನೆ ಯೋಜನೆಯಡಿ ಕಳೆದ ಐದು ವರ್ಷಗಳಲ್ಲಿ ಕರ್ನಾಟಕಕ್ಕೆ ವರ್ಷವಾರು ಮಂಜೂರಾದ, ಬಿಡುಗಡೆಯಾದ ಮತ್ತು ಬಳಕೆಯಾದ ಮೊತ್ತವೆಷ್ಟು, (ಬಿ) ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಆನೆ ತಡೆಗೆ ಸಂಬಂಧಿಸಿ ರಾಜ್ಯ ಸರ್ಕಾರದಿಂದ ಪ್ರಸ್ತಾವಗಳು ಬಂದಿವೆಯೇ, (ಸಿ) ಬಂದಿದ್ದರೆ ಅವು ಬಂದ ದಿನಾಂಕ ಮತ್ತು ಈಗಿನ ಸ್ಥಿತಿಯೇನು?’

ಇದಕ್ಕೆ ‘ರಾಜ್ಯದ ಹೊಣೆ’ ಎಂದಷ್ಟೇ ಹೇಳಿ ಮುಗಿಸಲು ಬರುವುದಿಲ್ಲ, ಏಕೆಂದರೆ ಕೇಳಿರುವುದು ಕೇಂದ್ರದ ಹಣ ಮತ್ತು ಕೇಂದ್ರದ ಮೇಜಿನ ಮೇಲಿರುವ ಕಡತ. ಜೊತೆಗೆ, 1976ರ 42ನೇ ತಿದ್ದುಪಡಿಯ ನಂತರ ಅರಣ್ಯ ಮತ್ತು ವನ್ಯಜೀವಿ ಸಂರಕ್ಷಣೆ ಎರಡೂ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳು ಎಂಬುದನ್ನು ಸಂಸದರಿಗೆ ಉಪಪ್ರಶ್ನೆಗಾಗಿ ಬರೆದುಕೊಡಿ. ಬಂದ ಉತ್ತರದಲ್ಲಿ ಅಂಕಿ ತಪ್ಪಿದ್ದರೆ ಸ್ಪೀಕರ್ ಅವರ 115ನೇ ನಿರ್ದೇಶನದ ಪ್ರಕಾರ ಸದಸ್ಯರು ಅದನ್ನು ಎತ್ತಿ ತೋರಿಸಬಹುದು.

ಎಲ್ಲವನ್ನೂ ಒಂದೇ ಪ್ರಶ್ನೆಗೆ ತುರುಕಬೇಡಿ. ಆನೆಯ ವಿಷಯ ಪರಿಸರ ಸಚಿವಾಲಯಕ್ಕೆ, ಬೆಳೆ ವಿಮೆ ಕೃಷಿ ಸಚಿವಾಲಯಕ್ಕೆ, ಬೇಲಿಗೆ ಬೇಕಾದ ಹಳೆಯ ಹಳಿಗಳು ರೈಲ್ವೆಗೆ, ಕಾಫಿ ಮಂಡಳಿಯ ನೆರವು ವಾಣಿಜ್ಯ ಸಚಿವಾಲಯಕ್ಕೆ ಸೇರುತ್ತವೆ, ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ಗೊತ್ತಾದ ದಿನವಿದೆ. ಕನಿಷ್ಠ 15 ದಿನ ಮೊದಲು ಸೂಚನೆ ತಲುಪಬೇಕಾದ್ದರಿಂದ ಅಧಿವೇಶನ ಆರಂಭವಾದ ಮೇಲೆ ಓಡಾಡಿದರೆ ಆಗುವುದಿಲ್ಲ. ಮೂಡಿಗೆರೆಯವರು ತಮ್ಮ ಉಡುಪಿ–ಚಿಕ್ಕಮಗಳೂರು ಸಂಸದರಿಂದ ಬೇರೆ ಸೂಚನೆ ಕೊಡಿಸಲಿ. ಒಂದೇ ವಿಷಯಕ್ಕೆ ಇಬ್ಬರ ಹೆಸರು ಬಿದ್ದರೆ ಚೀಟಿಯಲ್ಲಿ ಬರುವ ಸಂಭವ ಹೆಚ್ಚು.