ಅಲ್ಯೂಮಿನಾ ಬದಲು ಸಿಲಿಕಾನ್ ನೈಟ್ರೈಡ್ ಹಾಕಿದ್ದಕ್ಕೆ ಪೇಟೆಂಟ್ ಇಲ್ಲವಂತೆ, ಅಪೀಲಿಗೆ ಹೋಗಬಹುದಾ?

ಪ್ರಶ್ನೆ:
ಅಮೆರಿಕದಲ್ಲಿ ಹಾಕಿದ್ದ ನಮ್ಮ ಅರ್ಜಿಗೆ ಫೈನಲ್ ರಿಜೆಕ್ಷನ್ ಬಂದಿದೆ. ಕುಲುಮೆಯ ಬರ್ನರಿನಲ್ಲಿ ಉಕ್ಕಿನ ಕವಚದೊಳಗೆ ಕೂರುವ ಕೊಳವೆ ನಮ್ಮದು. ಹಳೆಯ ಪೇಟೆಂಟ್ ಒಂದರಲ್ಲಿ ಇಂಥದ್ದೇ ಕೊಳವೆ ಅಲ್ಯೂಮಿನಾ ಅನ್ನುವ ಸೆರಾಮಿಕ್‌ನಲ್ಲಿದೆ, ಇನ್ನೊಂದರಲ್ಲಿ ಸಿಲಿಕಾನ್ ನೈಟ್ರೈಡ್ ಅನ್ನುವ ಇನ್ನೊಂದು ಸೆರಾಮಿಕ್ ಶಾಖ ತಾಳುತ್ತದೆ ಅಂತ ಒಂದು ಸಾಲಿದೆ. ಎರಡನ್ನೂ ಜೋಡಿಸಿ, ಈ ಕೆಲಸ ಬಲ್ಲ ಯಾರಿಗಾದರೂ ಇದು ಹೊಳೆಯುತ್ತದೆ ಅಂದಿದ್ದಾರೆ ಪೇಟೆಂಟ್ ಕಚೇರಿಯ ಎಕ್ಸಾಮಿನರ್. ಎರಡು ವರ್ಷ ಒದ್ದಾಡಿದ್ದೇವೆ. ಕಾಯಿಸಿ ತಣಿಸಿ ಎಷ್ಟು ಸಲ ಮಾಡಿದರೂ ಬಿರುಕು ಬಿಡುವುದಿಲ್ಲ. ಗೆಲ್ಲಬಹುದಾ?

ಉತ್ತರ 1:
ಬೇಜಾರಾದರೂ ಹೇಳ್ತೀನಿ, ಬರೀ ವಸ್ತು ಬದಲಿಸಿದ್ದು ಅಂದರೆ ಕಷ್ಟ. ಅಮೆರಿಕದ ಸುಪ್ರೀಂ ಕೋರ್ಟಿನ 1851ರ ಹಾಚ್‌ಕಿಸ್ ಕೇಸಿನಲ್ಲಿ ಮರ, ಲೋಹದ ಬದಲು ಜೇಡಿಮಣ್ಣು, ಪಿಂಗಾಣಿಯಲ್ಲಿ ಬಾಗಿಲ ಹಿಡಿ ಮಾಡಿದ್ದರು. ಅದಕ್ಕೆ ಪೇಟೆಂಟ್ ನಿಲ್ಲಲಿಲ್ಲ. ಅದೇ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪು ಬಂದ ಮೇಲಂತೂ, ಗೊತ್ತಿರುವ ವಸ್ತು ಹಾಕಿ ನಿರೀಕ್ಷಿಸಿದ ಫಲವೇ ಬಂದರೆ ವಾದಿಸಲು ಜಾಸ್ತಿ ಜಾಗವಿಲ್ಲ. ಸಿಲಿಕಾನ್ ನೈಟ್ರೈಡ್ ಬಿಸಿ-ತಂಪಿನ ಹೊಡೆತ ತಾಳುತ್ತದೆ ಅನ್ನುವುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಬಿರುಕಿನ ಮಾತು ಒಂದೇ ಸಾಲದು.

ಉತ್ತರ 2:
ಒಪ್ಪುತ್ತೇನೆ, ಆದರೆ ಕೊಳವೆಯನ್ನು ಕವಚಕ್ಕೆ ಹೇಗೆ ಕೂರಿಸಿದ್ದೀರಿ? ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಉಕ್ಕು ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ, ಅಲ್ಯೂಮಿನಾ 8ರ ಹತ್ತಿರ, ಸಿಲಿಕಾನ್ ನೈಟ್ರೈಡ್ ಬರೀ 3. ಹಳೆಯ ಜೋಡಣೆಯಲ್ಲೇ ಸುಮ್ನೆ ಬದಲಿಸಿದರೆ ಕಾದಾಗ ಕೊಳವೆ ಸಡಿಲವಾಗಿ ಅಲ್ಲಾಡಬೇಕು, ಅಲ್ವಾ? ಹಾಗಿದ್ದರೆ ಇದು ಒಂದನ್ನು ತೆಗೆದು ಇನ್ನೊಂದನ್ನು ಹಾಕಿದ ಹಾಗಲ್ಲ. ನಿಮ್ಮ ನಿಜವಾದ ವಾದ ಇಲ್ಲಿದೆ.

ಪ್ರಶ್ನೆ ಕೇಳಿದವರು:
ಅದೇ ಆಗಿತ್ತು! ಮೊದಲ ಆರು ತಿಂಗಳು ಎಲ್ಲವೂ ಸಡಿಲ. ಕೊನೆಗೆ ಸ್ಪ್ರಿಂಗ್ ಒತ್ತಡದಲ್ಲಿ ಹಿಡಿಯುವ ಉಂಗುರ ಮಾಡಿದೆವು. ಅರ್ಜಿಯ ವಿವರಣೆಯಲ್ಲಿ ಅದು ಇದೆ, ಕ್ಲೇಮಿನಲ್ಲಿ, ಅಂದರೆ ಯಾವುದಕ್ಕೆ ಹಕ್ಕು ಬೇಕು ಅಂತ ಬರೆಯುವ ಭಾಗದಲ್ಲಿ, ಇಲ್ಲ.

ಉತ್ತರ 3:
ಹಾಗಾದರೆ ಈಗಲೇ ಅಪೀಲು ಬೇಡ. ಅಪೀಲು ಕೇಳುವ ಪೇಟೆಂಟ್ ಕಚೇರಿಯ ಬೋರ್ಡ್ ಕ್ಲೇಮಿನಲ್ಲಿ ಬರೆದದ್ದನ್ನು ತೂಗುತ್ತದೆ, ಬರೆಯದ ಉಂಗುರದ ಮೇಲೆ ಗೆಲ್ಲಲು ಆಗುವುದಿಲ್ಲ. ಎಕ್ಸಾಮಿನರ್ ಮಾಡುವ ಪರೀಕ್ಷೆ ಮುಂದುವರಿಸಲು ಅರ್ಜಿ ಕೊಟ್ಟು ಉಂಗುರವನ್ನು ಕ್ಲೇಮಿಗೆ ಸೇರಿಸಿ. ಹಳೆಯ ಜೋಡಣೆಯಲ್ಲಿ ಸಡಿಲವಾದ ಅಳತೆಗಳನ್ನೆಲ್ಲ ಅಫಿಡವಿಟ್ ಮಾಡಿ ಈಗಲೇ ಹಾಕಿ, ಅಪೀಲಿನ ಹಂತದಲ್ಲಿ ಹೊಸ ಸಾಕ್ಷ್ಯವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆಮೇಲೂ ತಿರಸ್ಕರಿಸಿದರೆ ಆಗ ಹೋಗಿ. ಕೆಟ್ಟುಹೋದ ಆ ಕೊಳವೆಗಳ ದಾಖಲೆ ಇಟ್ಟಿದ್ದೀರಾ?

ಪ್ರಶ್ನೆ ಕೇಳಿದವರು:
ತಾರೀಖು ಸಮೇತ ಇವೆ. ಫೋಟೋಗಳೂ ಇವೆ. ನಾಳೆ ವಕೀಲರ ಜೊತೆ ಕೂತು ಕ್ಲೇಮ್ ತಿದ್ದುತ್ತೇವೆ.